ಬೇಳೆ ಗಿರಣಿಯ ಕೈಪಿಡಿಗೆ ಎಷ್ಟು ದಿನ?

ಎಷ್ಟು ದಿನ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಕಸುಬು. ಬರೆಯಲು ನನಗೆಷ್ಟು ಹೊತ್ತು ಬೇಕೆಂದು ಕೂತಲ್ಲೇ ಹೇಳಬಲ್ಲೆ. ಹೇಳಲಾಗದ್ದು ಬೇರೆಯವರ ಹೊತ್ತು. ಯಂತ್ರ ಗೊತ್ತಿರುವವರಿಗೆ ಯಾವಾಗ ಬಿಡುವು, ಬರೆದದ್ದನ್ನು ಸಾಹೇಬರು ಯಾವಾಗ ಓದುತ್ತಾರೆ, ಓದಿದ ಮೇಲೆ ಎಷ್ಟು ಸಲ ಮನಸ್ಸು ಬದಲಾಯಿಸುತ್ತಾರೆ, ಇದೆಲ್ಲ ಕಳೆದೇ ಒಂದು ಪುಸ್ತಕ ಆಗುವುದು. ಕೇಳುವವರಿಗೆ ಮಾತ್ರ ನಿಂತ ಕಾಲಲ್ಲಿ ಉತ್ತರ ಬೇಕು.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆಗೆ ನಾನು ಬೇಳೆ ಗಿರಣಿಯ ಕೈಪಿಡಿ ಬರೆದದ್ದು ಮಳೆ ಕೈಕೊಟ್ಟ ವರ್ಷಗಳಲ್ಲಿ. ತೊಗರಿಯೇ ಬೆಳೆಯದಿದ್ದರೆ ಗಿರಣಿ ಕೊಳ್ಳುವವರು ಯಾರು? ಫಿಟರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೆಲಸದಿಂದ ಬಿಡಿಸಿ, ಕೊನೆಗೆ ಒಬ್ಬರನ್ನಷ್ಟೇ ಇಟ್ಟುಕೊಂಡಿದ್ದರು. ಔರಾದದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಮೊದಲು ಮಾರಿದ ಗಿರಣಿಗಳು ಭಾಲ್ಕಿ, ಔರಾದದ ಮಹಿಳಾ ಸಂಘಗಳಲ್ಲಿದ್ದವು. ಇನ್ನು ಅವು ಕೆಟ್ಟರೆ ಊರೂರಿಗೆ ಕಳಿಸಲು ಜನವಿಲ್ಲ, ಅದಕ್ಕೇ ಪುಸ್ತಕ.

"ಎಷ್ಟ್ ದಿನ ಬೇಕ್ರಿ ಮೇಡಂ?" ಎಂದರು ಮ್ಯಾನೇಜರ್.

ಆಗಷ್ಟೇ ದಸರೆ ಕಳೆದಿತ್ತು; ಯುಗಾದಿಯವರೆಗೆ ಎಂದೆ. ಸಂಕ್ರಾಂತಿಗೆ ಕೊಡಿ ಎಂದರು. ನಾವು ಕೇಳುವುದು, ಅವರು ಅರ್ಧ ಕತ್ತರಿಸುವುದು, ಇದು ಎಲ್ಲ ಕಡೆ ನಡೆಯುವ ಆಟ. ವಾದ ಮಾಡುವ ಕಸುವು ನನ್ನಲ್ಲಿ ಯಾವಾಗಲೋ ಬತ್ತಿಹೋಗಿತ್ತು.

ಕಾಕಾ ನನ್ನನ್ನು ಸತಾಯಿಸಿದ್ದು ಅಷ್ಟಿಷ್ಟಲ್ಲ. ನಾಳೆ ಜರಡಿ ಬಿಚ್ಚಿ ತೋರಿಸುತ್ತೇನೆ ಎಂದವರು ಮರುದಿನ ನಟ್ಟು ಬಿಚ್ಚುವ ಪಾನಾ ಸಿಗಲಿಲ್ಲ ಎನ್ನುವರು. ರೋಲರಿಗೂ ಜಾಲರಿಗೂ ನಡುವೆ ಎಷ್ಟು ಸಂದು ಬಿಡಬೇಕು ಎಂದರೆ, "ಅದು ಕಾಳ್ ನೋಡಿ ಹೇಳ್ಬೇಕ್ರಿ."

"ಹಂಗಾರ ಕಾಳ್ ನೋಡಿ ಹೇಳ್ರಿ."

"ಈ ವರ್ಷ ಕಾಳ್ ಎಲ್ಲಿ ಬೆಳದಾವ್ರಿ ಮೇಡಂ?"

ಸಂಕ್ರಾಂತಿ ಬಂದು ಹೋಯಿತು. ಪುಸ್ತಕ ಅರ್ಧವೂ ಆಗಿರಲಿಲ್ಲ. ಬರೆದಷ್ಟನ್ನು ಹೆಣ್ಣುಮಕ್ಕಳ ಕೈಗೆ ಕೊಟ್ಟು ನೋಡೋಣವೆಂದು ಕಾಕಾನನ್ನು ಕರೆದುಕೊಂಡು ಭಾಲ್ಕಿಯ ಸಂಘಕ್ಕೆ ಹೋದೆ. ಅಲ್ಲಿ ಗಿರಣಿಯ ಬೆಲ್ಟು ಪದೇ ಪದೇ ಜಾರುತ್ತಿತ್ತು. ಕಾಕಾ ಬಗ್ಗಿ, ಎರಡು ನಟ್ಟು ಸಡಿಲಿಸಿ, ಮೋಟರನ್ನು ಒಂಚೂರು ಸರಿಸಿ ಬಿಗಿದರು. ಮುಗಿಯಿತು. ಕೊಳಾರದಲ್ಲಿ ಇದೇ ಬೆಲ್ಟಿನ ಬಗ್ಗೆ ಕೇಳಿ ಕೇಳಿ ನನ್ನ ಬಾಯಿ ಒಣಗಿತ್ತು.

ಬಸ್ ಸ್ಟ್ಯಾಂಡಿಗೆ ಬರುವವರೆಗೆ ತಡೆದುಕೊಂಡೆ. ಹೈದರಾಬಾದಿಗೆ ಕೂಲಿಗೆ ಹೊರಟು ಬಸ್ಸಿಗೆ ಕಾಯುವವರು ಗಂಟುಮೂಟೆ, ಕೊಡ, ಕೂಸುಗಳ ಸಮೇತ ಕೂತಿದ್ದರು. ನಿಲ್ಲಲೂ ಜಾಗವಿರಲಿಲ್ಲ.

"ಕಾಕಾ, ಎಲ್ಲಾ ಗೊತ್ತಿದ್ದೂ ನನ್ನ ಯಾಕ ಹಿಂಗ ಅಲೆದಾಡಸ್ತೀರಿ?" ಎಂದು ಹರಿಹಾಯ್ದೆ.

ಅವರು ಆ ಗಂಟುಗಳ ಕಡೆ ನೋಡುತ್ತಾ ಹೇಳಿದರು: "ನಿಮ್ ಬುಕ್ ಮುಗದ್ ದಿನ ನನ್ ಕೆಲ್ಸಾನೂ ಮುಗೀತದ ಅಂತ ಮ್ಯಾನೇಜರ್ ಸಾಹೇಬ್ರು ಹೇಳ್ಯಾರ್ರಿ. ನಾ ಹೈದ್ರಾಬಾದಿಗಿ ಹೋದ್ರ ಹೆಂಡ್ತಿನೂ ಬರ್ಬೇಕು, ಸೈಟಿನ್ಯಾಗ ಜೋಡಿಗೇ ಕೆಲ್ಸ ಕೊಡ್ತಾರ. ಮಗಳು ಹತ್ತನೇ ಕ್ಲಾಸಿನ್ಯಾಗ ಅದಾಳ. ಒಬ್ಬಾಕಿನ್ನ ಮನ್ಯಾಗ ಹ್ಯಾಂಗ ಬಿಡ್ಲಿ? ಪರೀಕ್ಷಾ ಒಂದ್ ಮುಗೀಲ್ರಿ ಮೇಡಂ."

ಸಿಟ್ಟು ಇಳಿಯಲಿಲ್ಲ, ಸಾಹೇಬರ ಕಡೆ ತಿರುಗಿತು ಅಷ್ಟೆ. ಮರುದಿನ ಮ್ಯಾನೇಜರಿಗೆ ಹೇಳಿದೆ: ಭಾಲ್ಕಿಯಲ್ಲಿ ನೋಡಿದ ಮೇಲೆ ರಿಪೇರಿಯದ್ದೇ ಬೇರೆ ಅಧ್ಯಾಯ ಬೇಕು, ಚಿತ್ರಗಳನ್ನೂ ಹೊಸದಾಗಿ ಬರೆಸಬೇಕು, ಕಾಕಾ ಇಲ್ಲದೆ ಆಗುವುದಿಲ್ಲ, ಯುಗಾದಿಯೂ ದಾಟುತ್ತದೆ.

"ನಿಮಗ ಲೆಕ್ಕಾನೇ ಬರೂದಿಲ್ರಿ ಮೇಡಂ," ಎಂದರು.

ಹೇಳಿದ ದಿನಕ್ಕೆ ಹೇಳಿದ ಕೆಲಸ ಕೊಡುವವಳು ಎಂಬ ಹೆಸರೊಂದೇ ನನ್ನ ಬಂಡವಾಳವಾಗಿತ್ತು. ಅದು ಆ ಕಾರ್ಖಾನೆಯಲ್ಲಿ ಅವತ್ತು ಮಣ್ಣುಪಾಲಾಯಿತು. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನಾವಿಬ್ಬರೂ ಬಿಸಿಲೇರಿದ ಶೆಡ್ಡಿನಲ್ಲಿ ಗಿರಣಿಯ ಎದುರು ಕೂರುತ್ತಿದ್ದೆವು. ಅವರು ಸರಿಯಾಗೇ ಇದ್ದ ಬೋಲ್ಟನ್ನು ಉಜ್ಜುತ್ತಿದ್ದರು, ನಾನು ಸರಿಯಾಗೇ ಇದ್ದ ವಾಕ್ಯವನ್ನು ತಿದ್ದುತ್ತಿದ್ದೆ. ಕೆಲಸ ಮಾಡುವುದಕ್ಕಿಂತ ಮಾಡುತ್ತಿರುವಂತೆ ಕೂರುವುದೇ ಹೆಚ್ಚು ದಣಿಸುತ್ತದೆ ಎಂದು ಆಗ ತಿಳಿಯಿತು.

ಪರೀಕ್ಷೆ ಮುಗಿದ ಮರುದಿನ ಕಾಕಾ ನನಗಿಂತ ಮೊದಲೇ ಬಂದು ಕೂತಿದ್ದರು.

"ಪೇಪರ್ ಎಲ್ಲಾ ಛಲೋ ಬರ್ದಾಳಂತ್ರಿ. ಹೂಂ, ಬರ್ಕೋರಿ ಇನ್ನ."

ಜರಡಿ, ಬೇರಿಂಗು, ರೋಲರಿನ ಸಂದು, ಇಷ್ಟು ತಿಂಗಳು ಹಿಡಿದಿಟ್ಟದ್ದೆಲ್ಲ ಒಂದೇ ಸಮನೆ ಬಂತು. ನನ್ನ ಕೈ ಸೋತಿತು. ಮಧ್ಯಾಹ್ನ ಮುಗಿಯುವುದರೊಳಗೆ ಪುಸ್ತಕ ಮುಗಿದಿತ್ತು. ಕಾಕಾ ಕೈ ಒರೆಸಿಕೊಂಡು, "ಬರ್ತೇನ್ರಿ ಮೇಡಂ" ಎಂದು ಗೇಟಿನ ಕಡೆ ನಡೆದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮ್ಯಾನೇಜರಿಗೆ ಭಾರಿ ಖುಷಿ. "ನೋಡ್ರಿ, ಒಂದ್ ಮಧ್ಯಾಹ್ನದ ಕೆಲ್ಸ! ಮುಂದಿನ ಬುಕ್ಕಿಗಿ ಇದೇ ಲೆಕ್ಕ."

ಮುಂದಿನ ವರ್ಷ ಮೇವು ಕತ್ತರಿಸುವ ಯಂತ್ರಕ್ಕೆ ಪುಸ್ತಕ ಬೇಕೆಂದು ಅವರು ಮತ್ತೆ ಕರೆದರು. ಅಗ್ಗಕ್ಕೆ ಬರೆಯುವ ಬೇರೆಯವರು ಸಿಕ್ಕಿರಲಿಲ್ಲವೇನೋ. ಶೆಡ್ಡಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಂತ್ರದ ಮೇಲೆ ಧೂಳು ಕೂತಿತ್ತು. ಇದು ಗೊತ್ತಿರುವವರು ಯಾರಿದ್ದಾರೆ ಎಂದು ಕೇಳಿದೆ.

"ಯಾರೂ ಇಲ್ರಿ, ಅದಕ್ಕೇ ಅಲ್ಲೇನ್ರಿ ಬುಕ್ ಬರ್ಸೂದು? ಎಷ್ಟ್ ದಿನ ಬೇಕು ಹೇಳ್ರಿ."

"ಕಾಕಾ ಹೈದ್ರಾಬಾದಿಂದ ವಾಪಸ್ ಬರೂತನಕ," ಎಂದೆ.

ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು.