ಎಡಗಡೆಯ ನೂಲುಗಳು

ನನ್ನ ನಿವೃತ್ತಿಗೆ ಇನ್ನೂ ನಾಲ್ಕೈದು ವರ್ಷ ಇದ್ದಾಗಿನ ಮಾತು. ಮುಂಬಯಿಯ ಪೂರ್ವ ಉಪನಗರದ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹೆಸರು ಕೇಳಿದವರು ‘ಅಂದರೆ ಫಿಸಿಯೋನಾ?’ ಎನ್ನುತ್ತಾರೆ. ಅಲ್ಲ. ಕಾಯಿಲೆ ಬಿದ್ದವರು ಮತ್ತೆ ತಲೆ ಬಾಚಿಕೊಳ್ಳುವುದು, ಗುಂಡಿ ಹಾಕಿಕೊಳ್ಳುವುದು, ಒಲೆಯ ಮುಂದೆ ನಿಲ್ಲುವುದು, ಇಂಥ ದಿನನಿತ್ಯದ ಕೆಲಸಗಳಿಗೆ ಮರಳುವಂತೆ ಮಾಡುವುದು ನಮ್ಮ ಕಸುಬು. ಇದನ್ನು ವಿವರಿಸಿ ವಿವರಿಸಿಯೇ ನನ್ನ ಗಂಟಲು ಒಣಗಿದೆ.

ನಮ್ಮ ವಿಭಾಗದಲ್ಲಿ ಕಿಟಕಿಯ ಪಕ್ಕ ಒಂದು ಪುಟ್ಟ ಮಗ್ಗವಿತ್ತು. ಮಗ್ಗ ಎಂದರೆ ಮೇಜಿಗೆ ಬಿಗಿದು ನಿಲ್ಲಿಸಿದ ಮರದ ಚೌಕಟ್ಟು, ಅಷ್ಟೇ. ಅದಕ್ಕೆ ಮೇಲಿಂದ ಕೆಳಗೆ ಬಿಗಿದ ನೂಲೇ ‘ಹಾಸು’. ಒಂದು ಹಾಸಿನ ಮೇಲೆ, ಇನ್ನೊಂದರ ಕೆಳಗೆ ದಬ್ಬಣದಿಂದ ತೂರಿಸಿಕೊಂಡು ಹೋಗುವ ಬಣ್ಣದ ಉಣ್ಣೆಯೇ ‘ಹೊಕ್ಕು’. ಅಂಚು ಮುಟ್ಟಿದ ಮೇಲೆ ಹೊರಳಿ ಬರಬೇಕು, ಬಾಚಣಿಗೆಯಿಂದ ಕೆಳಕ್ಕೆ ತಟ್ಟಬೇಕು. ಕಾಲೇಜಿನಲ್ಲಿ ಇದನ್ನು ಕಲಿಸಿದಾಗ ‘ಇಷ್ಟೆಲ್ಲ ಓದಿದ್ದು ಇದಕ್ಕಾ’ ಎಂದು ಸಿಡಿಮಿಡಿಗೊಂಡಿದ್ದೆ. ಆಮೇಲೆ ಆ ಕಿಟಕಿ, ಉಣ್ಣೆಯ ವಾಸನೆ, ಹೊರಗೆ ಲೋಕಲ್ ರೈಲು ಹಾದಾಗ ಸಣ್ಣಗೆ ನಡುಗುವ ಗಾಜು, ಎಲ್ಲವೂ ನನಗೆ ತವರುಮನೆಯಂತಾದವು. ಈಗ ಅಲ್ಲಿ ದೊಡ್ಡ ಸ್ಕ್ರೀನ್ ಹಾಕಿದ್ದಾರಂತೆ. ಒಳ್ಳೆಯದೇ ಇರಬೇಕು.

ಆ ಮಗ್ಗದ ಮುಂದೆ ಕೂತವರಲ್ಲಿ ನಾನು ಮರೆಯಲಾರದವರು ಶಾರದಾಬಾಯಿ. ಹೆಸರು ಬದಲಿಸಿದ್ದೇನೆ. ವಿಜಯಪುರದ ಕಡೆಯವರು, ಮನೆ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ, ವಯಸ್ಸು ಐವತ್ತು ದಾಟಿತ್ತು. ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತಿದ್ದವು. ಜೊತೆಗೆ ನಾವು ‘ನೆಗ್ಲೆಕ್ಟ್’ ಎಂದು ಕರೆಯುವ ತೊಂದರೆ. ಕಣ್ಣು ಚೆನ್ನಾಗಿಯೇ ಇರುತ್ತದೆ, ಆದರೆ ಮೆದುಳು ಎಡಗಡೆಯ ಲೋಕವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತನಗೆ ಏನೋ ಕಾಣುತ್ತಿಲ್ಲ ಎಂಬುದೂ ರೋಗಿಗೆ ಗೊತ್ತಾಗುವುದಿಲ್ಲ.

ಅವರ ಗಂಡ ಗುರುಸಿದ್ದಪ್ಪ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ರಜೆ ಹಾಕಿ ಹೆಂಡತಿಯನ್ನು ಟ್ಯಾಕ್ಸಿಯಲ್ಲಿ ಕರೆತರುತ್ತಿದ್ದರು. ಎರಡನೇ ವಾರ ಒಂದು ದಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದರು.

“ಮೇಡಂ, ಇದ ಕಡೀ ವಾರ ನೋಡ್ರಿ. ಆಕೀನ್ನ ವಿಜಾಪುರಕ್ಕ ಆಕಿ ಅಣ್ಣನ ಮನ್ಯಾಗ ಬಿಟ್ಟು ಬರ್ತೀನಿ.”

ಯಾಕೆ ಎಂದು ಕೇಳಿದೆ. ಸ್ಟ್ರೋಕ್ ಆಗುವ ಎರಡು ದಿನ ಮೊದಲು ಇಬ್ಬರಿಗೂ ಜಗಳವಾಗಿತ್ತಂತೆ. ಆಕೆಯ ತಂಗಿಯ ಮನೆ ಗೃಹಪ್ರವೇಶಕ್ಕೆ ಹೋಗಲು ಇವರು ರಜೆ ಹಾಕಿರಲಿಲ್ಲ.

“ಆಕೀಗೆ ನಾ ಬ್ಯಾಡಾಗೀನ್ರಿ. ಮಾತಾಡ್ಸಿದ್ರ ಗ್ವಾಡಿ ಕಡೆ ಮಾರಿ ಮಾಡ್ತಾಳ. ನಾ ಮಾಡಿದ ಪಲ್ಯ ತಾಟಿನ್ಯಾಗ ಹಂಗ ಬಿಟ್ಟು ಬರೇ ಅನ್ನ ತಿಂತಾಳ. ಅಣ್ಣನ ಮನ್ಯಾಗರ ನಕ್ಕೋತ ಇರ್ಲಿ.”

ಮನೆಯಲ್ಲಿ ಮಂಚ ಹೇಗಿದೆ ಎಂದು ವಿಚಾರಿಸಿದೆ. ಆಕೆಯ ಬಲಕ್ಕೆ ಗೋಡೆ, ಎಡಕ್ಕೆ ಒಂದು ಕುರ್ಚಿ. ಇಕ್ಕಟ್ಟಿನ ಕೋಣೆ, ಇವರು ಕೂರಲು ಬೇರೆ ಜಾಗವಿಲ್ಲ. ಪಲ್ಯ ಬಡಿಸುತ್ತಿದ್ದುದೂ ತಾಟಿನ ಎಡಕ್ಕೇ. ಕಾಯಿಲೆಯ ಸ್ವರೂಪವನ್ನು ಬಿಡಿಸಿ ಹೇಳಿದೆ. ಅವರು ಒಪ್ಪಲಿಲ್ಲ.

“ದನಿ ಕೇಳ್ತದಲ್ರೀ? ಮತ್ತ ಈ ಕಡೆ ಹೊಳ್ಳಿ ನೋಡಾಕ ಏನಾಗೇದ?”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. “ಮಾತು ಸಾಕು, ಒಳಗೆ ಬನ್ನಿ” ಎಂದು ಅವರನ್ನು ಕರೆದುಕೊಂಡು ಹೋಗಿ ಮಗ್ಗದ ಮುಂದೆ ಕೂತಿದ್ದ ಹೆಂಡತಿಯ ಬೆನ್ನ ಹಿಂದೆ ನಿಲ್ಲಿಸಿದೆ.

ಹೊಸಬರು ನೇಯ್ದ ಬಟ್ಟೆ ಸೊಂಟದ ಹಾಗೆ ಎರಡೂ ಕಡೆ ಒಳಕ್ಕೆ ಬರುತ್ತದೆ. ಹೊಕ್ಕನ್ನು ಬಿಗಿಯಾಗಿ ಎಳೆಯುವುದೇ ಅದಕ್ಕೆ ಕಾರಣ. ಸ್ವಲ್ಪ ಕಮಾನಿನಂತೆ ಸಡಿಲ ಬಿಟ್ಟು ಆಮೇಲೆ ತಟ್ಟಿ ಎಂದು ಮೊದಲ ದಿನವೇ ಕಲಿಸುತ್ತೇವೆ. ಶಾರದಾಬಾಯಿ ಇದನ್ನು ಚೆನ್ನಾಗಿಯೇ ಕಲಿತಿದ್ದರು. ಬಲ ಅಂಚು ಗೆರೆ ಎಳೆದಷ್ಟು ನೇರ. ಎಡಕ್ಕೆ ಮಾತ್ರ ಒಂದೊಂದು ಸಾಲೂ ಹಿಂದಿನದಕ್ಕಿಂತ ಬೇಗ ಹೊರಳಿ, ಮೇಲೆ ಹೋದಂತೆ ಅರ್ಧ ಹಾಸು ಬರಿದಾಗಿಯೇ ಉಳಿದಿತ್ತು.

“ಪೂರ್ತಿ ಆಯ್ತಾ ಶಾರದಾಬಾಯಿ?” ಎಂದು ಕೇಳಿದೆ.

“ಹೂಂ ರೀ. ಈ ತುದಿಯಿಂದ ಆ ತುದೀತನಾ ಮುಟ್ಟಸೇನಲ್ಲ.”

ನಾನು ಗುರುಸಿದ್ದಪ್ಪನವರ ಕಡೆ ಬಾಗಿ ಮೆಲ್ಲಗೆ ಹೇಳಿದೆ: “ಈ ನೂಲುಗಳು ಯಾರ ಗೃಹಪ್ರವೇಶ ತಪ್ಪಿಸಿದ್ದು? ಇವುಗಳ ಮೇಲೂ ಸಿಟ್ಟಾ ಇವರಿಗೆ?”

ಅವರು ಬಗ್ಗಿ, ಆ ಬರಿದಾದ ಹಾಸಿನ ಮೇಲೆ ಬೆರಳಾಡಿಸಿದರು. ಹೊರಡುವಾಗ “ಇನ್ನೊಂದಿಷ್ಟು ದಿನಾ ನೋಡೂಣ್ರಿ” ಎಂದರು.

ಮರುದಿನ ಮಗ್ಗದ ಎಡಗಡೆಯ ಕೊನೆಯ ಹಾಸು ನೂಲಿಗೆ ಕೆಂಪು ಉಣ್ಣೆ ಸುತ್ತಿದೆ. ಕೆಂಪು ಕಾಣುವ ತನಕ ಹೊರಳುವಂತಿಲ್ಲ ಎಂಬುದು ನಿಯಮ. ಆಮೇಲೆ ಟ್ಯಾಪೆಸ್ಟ್ರಿ, ಅಂದರೆ ಚಿತ್ರದ ನೇಯ್ಗೆ, ಶುರು ಮಾಡಿದೆವು. ಸಾದಾ ನೇಯ್ಗೆಯಲ್ಲಿ ಹೊಕ್ಕು ಅಂಚಿನಿಂದ ಅಂಚಿಗೆ ಓಡುತ್ತದೆ. ಟ್ಯಾಪೆಸ್ಟ್ರಿಯಲ್ಲಿ ಪ್ರತಿ ಬಣ್ಣವೂ ತನ್ನ ಪಾಲಿನ ಜಾಗದಲ್ಲೇ ಹೊರಳಿಕೊಂಡು ಏರಬೇಕು. ಬಲಕ್ಕೆ ಹಳದಿ, ಎಡಕ್ಕೆ ಹಸಿರು ಕೊಟ್ಟೆ. ಹಳದಿ ಸರಸರ ಏರಿತು, ಹಸಿರು ಎದ್ದೇಳಲಿಲ್ಲ. ಎರಡೂ ಸಮ ಆಗದೆ ಮುಂದಕ್ಕೆ ಬಿಡುವುದಿಲ್ಲ ಎಂದು ನಾನೂ ಪಟ್ಟು ಹಿಡಿದೆ. ಗುರುಸಿದ್ದಪ್ಪನವರಿಗೆ ಬೇಕೆಂದೇ ಎಡಗಡೆ ಸ್ಟೂಲ್ ಹಾಕಿಸಿದೆ. “ಇನ್ನಷ್ಟು ಈ ಕಡೆ ಬಾ” ಎನ್ನುತ್ತಿರುವುದು ಅವರ ಕೆಲಸ. ರಜೆ ಮುಗಿದ ಮೇಲೂ ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡು ಬೆಳಿಗ್ಗೆ ಬಂದು ಕೂರುತ್ತಿದ್ದರು. ಪಲ್ಯವನ್ನು ಬಲಕ್ಕೆ ಬಡಿಸಿದರೆ ಖಾಲಿಯಾಗುತ್ತದೆ ಎಂದು ಒಂದು ದಿನ ನಾಚಿಕೊಂಡು ಹೇಳಿದರು. ಔಷಧವೂ ಕಾಲವೂ ತಮ್ಮ ಕೆಲಸ ಮಾಡುತ್ತಿದ್ದವು, ಎಲ್ಲ ಕೀರ್ತಿಯನ್ನೂ ಮಗ್ಗಕ್ಕೇ ಕಟ್ಟಲಾರೆ.

ಒಂದು ಬೆಳಿಗ್ಗೆ ಆಕೆಯ ದಬ್ಬಣ ಹಸಿರು ಉಣ್ಣೆಯನ್ನು ಎಳೆದುಕೊಂಡು ಕೆಂಪು ನೂಲಿನ ತನಕ ಬಂತು. ಹೊರಳಿಸಬೇಕಿದ್ದ ಕೈ ಅಲ್ಲೇ ನಿಂತಿತು. ಕಣ್ಣು ಇನ್ನೂ ಸ್ವಲ್ಪ ಆಚೆಗೆ ಸರಿಯಿತು. ಮೊದಲು ಗಂಡನ ಮೊಣಕಾಲು, ಆಮೇಲೆ ಅಂಗಿ, ಆಮೇಲೆ ಮುಖ.

“ಎಲ್ಲಿ ಹೋಗಿದ್ರೀ ಇಷ್ಟು ದಿನಾ?”

“ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದೆ.”

“ದನಿ ಅಷ್ಟ ಕೇಳ್ತಿತ್ತು. ಸಿಟ್ಟಿಗೆದ್ದು ನನ್ನ ಮುಂದ ಬರವಲ್ರಿ ಅನ್ಕೊಂಡಿದ್ದೆ.”

ಗುರುಸಿದ್ದಪ್ಪ ಅತ್ತರು. ನಾನೂ ಅತ್ತೆ, ಏನೋ ಹುಡುಕುವ ನೆಪದಲ್ಲಿ ಕಪಾಟಿನ ಕಡೆ ತಿರುಗಿ. ವಿಜಯಪುರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಮೇಲಿನ ವರ್ಷಗಳಲ್ಲಿ ‘ಇವರು ಬೇಕಂತಲೇ ಹೀಗೆ ಮಾಡುತ್ತಾರೆ’ ಎಂಬ ದೂರು ಹೊತ್ತು ಎಷ್ಟೋ ಮನೆಯವರು ಬಂದರು. ಅವರಿಗೆ ಸಮಾಧಾನ ಹೇಳುವ ಮೊದಲು ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನೀವು ಅವರ ಯಾವ ಕಡೆ ಕೂರುತ್ತೀರಿ?”