ಬೀಸುಬಲೆ ಕತ್ತರಿಸಿದ ಶನಿವಾರ

ನನಗೆ ಬೇರೆಯವರ ಮೇಲೆ ಸಿಟ್ಟು ಬೇಗ ಬರುತ್ತದೆ. ಚಹಾ ಕುಡಿದ ಲೋಟವನ್ನು ಬಸ್ಸಿನ ಕಿಟಕಿಯಿಂದ ಎಸೆಯುವವರ ಮೇಲೆ ಬರುತ್ತದೆ. ಮದುವೆಯ ಆಮಂತ್ರಣದ ಕಾಗದವನ್ನು ಊಟ ಮುಗಿದ ಮರುದಿನವೇ ಒಲೆಗೆ ಹಾಕುವವರ ಮೇಲೆ, ಮಗು ಹಸಿರು ಕಾಗೆ ಮಾಡಿದರೆ ಪಕ್ಕದಲ್ಲಿ ಕೂತು ತಿದ್ದುವ ತಾಯಂದಿರ ಮೇಲೆ ಇನ್ನೂ ಹೆಚ್ಚು. ನನ್ನ ಮೇಲೆ ನನಗೆ ಸಿಟ್ಟು ಬಂದದ್ದು ಅಪರೂಪ. ಚಿತ್ರಕಲೆ ಕಲಿಸಿ ನಿವೃತ್ತಳಾದ ಮೇಲೂ, ಲೋಕದಲ್ಲಿ ಕಸ ಎನ್ನುವುದೇ ಇಲ್ಲ, ನೋಡುವ ಕಣ್ಣು ಬೇಕು ಎಂದು ಮಕ್ಕಳಿಗೆ ಹೇಳಿ ಹೇಳಿ, ಆ ಕಣ್ಣು ನನಗೆ ಉಂಟು ಎಂದು ನಾನೇ ನಂಬಿಕೊಂಡಿದ್ದೆ.

ನನ್ನ ಮನೆ ಕುಕ್ಕುಂದೂರಿನಲ್ಲಿ. ಪ್ರತಿ ಶನಿವಾರ ಕಾರ್ಕಳದಿಂದ ಬೆಳ್ಮಣ್ ಮಾರ್ಗವಾಗಿ ಪಡುಬಿದ್ರಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಪುವಿಗೆ ಹೋಗುತ್ತೇನೆ. ಅಲ್ಲಿ ಕಡಲಿಗೆ ಹತ್ತಿರದ ಒಂದು ಶಾಲೆಯಲ್ಲಿ ಮಧ್ಯಾಹ್ನ ಪಾಠ ಬಿಟ್ಟ ಮೇಲೆ ಮಕ್ಕಳಿಗೆ ಹಳೆಯ ವಸ್ತುಗಳಿಂದ ಏನಾದರೂ ಮಾಡಲು ಕಲಿಸುತ್ತೇನೆ. ಅದಕ್ಕೆ ಆದೇಶ, ಕಾಗದ ಎಂತದೂ ಇಲ್ಲ. ಮುಖ್ಯೋಪಾಧ್ಯಾಯರು ಒಳ್ಳೆಯವರು, ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ, ಅಷ್ಟೇ. ಯಾರಾದರೂ ಒಂದು ದೂರು ಕೊಟ್ಟರೆ ಮರುದಿನವೇ ನಿಲ್ಲುವಂಥದ್ದು. ನನ್ನ ಗೋಣಿಚೀಲ ನೋಡಿ ಕಂಡಕ್ಟರ್ ಒಬ್ಬರು, "ಅಕ್ಕ, ಗುಜರಿ ಅಂಗಡಿ ಎಲ್ಲಿ ಇಟ್ಟಿದ್ದೀರಿ?" ಎಂದು ಕೇಳಿದ್ದುಂಟು. ಸೀಟು ಮಾತ್ರ ಪ್ರತಿ ಸಲವೂ ಕೊಡಿಸುತ್ತಾರೆ.

ಚೀಲ ತುಂಬಿಸಬೇಕಾದ ಅಗತ್ಯವೇ ಇರಲಿಲ್ಲ ಎನ್ನಬೇಕು. ಮಕ್ಕಳೇ ತರುತ್ತಿದ್ದರು. ಬ್ಯಾರಿ ಮುಸ್ಲಿಮರ ಮನೆಯ ಮಕ್ಕಳು ಗಲ್ಫಿನಿಂದ ಬಂದ ಹಾಲಿನಪುಡಿ ಡಬ್ಬ, ಅತ್ತರಿನ ಪೆಟ್ಟಿಗೆ ತಂದರೆ, ಮೀನುಗಾರರ ಮನೆಯ ಮಕ್ಕಳು ಮೀನಿಗೆ ಐಸ್ ಹಾಕುವ ಒಡೆದ ಥರ್ಮಾಕೋಲ್ ಪೆಟ್ಟಿಗೆ, ದಡಕ್ಕೆ ಬಂದು ಬಿದ್ದ ಒಂಟಿ ಚಪ್ಪಲಿ ತರುತ್ತಿದ್ದರು. ಚಪ್ಪಲಿಯ ಅಡಿಯನ್ನು ಕೊರೆದು ಅಚ್ಚು ಮಾಡಿ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಒತ್ತಿದರೆ ಎಂಥ ಚಂದ! ಆ ಕೋಣೆಯಲ್ಲಿ ತುಳು, ಬ್ಯಾರಿ, ಕನ್ನಡ ಮೂರು ಭಾಷೆಯ ಗಲಾಟೆ. ನಡುವೆ ಕೂತ ನನಗೆ ಬೀಗ ಹಾಕಿ ಬಂದ ಒಂಟಿ ಮನೆ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಒಂದೂ ನೆನಪಾಗುತ್ತಿರಲಿಲ್ಲ.

ಅವರಲ್ಲಿ ಒಬ್ಬಳು ನಾಲ್ಕನೆಯ ತರಗತಿಯ ಹುಡುಗಿ. ಮೀನುಗಾರರ ಮನೆಯವಳು. ಮಾತು ಕಡಿಮೆ, ಕೈ ಮಾತ್ರ ಬಲು ಚುರುಕು. ಉಳಿದವರು ಅಂಟನ್ನು ಕೂದಲಿಗೆಲ್ಲ ಮೆತ್ತಿಕೊಳ್ಳುವ ಹೊತ್ತಿಗೆ ಇವಳು ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳನ್ನು ಉದ್ದಕ್ಕೆ ಸೀಳಿ ಜಡೆ ಹೆಣೆದು ಚಾಪೆ ಮುಗಿಸಿರುತ್ತಿದ್ದಳು. ಅಷ್ಟು ವರ್ಷದ ನನ್ನ ಮೇಷ್ಟ್ರಿಕೆಯಲ್ಲಿ ಅಂಥ ಬೆರಳುಗಳನ್ನು ನಾನು ಹೆಚ್ಚು ಕಂಡಿಲ್ಲ.

ಆ ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ ಗೋಡೆಯಷ್ಟು ಉದ್ದದ ಒಂದು ಮೀನು ಮಾಡುವುದು ಎಂದಾಯಿತು. ಮಳೆಗಾಲದಲ್ಲೇ ಕೆಲಸ ಶುರು ಮಾಡಿದೆವು. "ಮನೆಯಲ್ಲಿ ಹರಿದದ್ದು, ಒಡೆದದ್ದು ಎಂತ ಉಂಟೋ ತನ್ನಿ. ನಾವು ಅದನ್ನು ಪುನಃ ಉಪಯೋಗಕ್ಕೆ ಬರುವ ಹಾಗೆ ಮಾಡುವಾ" ಎಂದು ಹೇಳಿ ಕಳಿಸಿದೆ. ಮುಂದಿನ ಶನಿವಾರ ಈ ಹುಡುಗಿ ಅಕ್ಕಿಯ ಚೀಲವೊಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದಳು. ಬಿಚ್ಚಿದರೆ ಒಳಗೆ ಬಲೆ. ಅಲ್ಲಲ್ಲಿ ಮುಷ್ಟಿ ತೂರುವಷ್ಟು ತೂತು. ಮೀನಿನ ಹುರುಪೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು!

"ಟೀಚರ್, ಇದು ಅಜ್ಜನದ್ದು" ಎಂದಳು.

"ಅಜ್ಜನಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು" ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಕತ್ತರಿ ಅರ್ಧ ದೂರ ಹೋಗಿತ್ತು. ಅಂಚಿನಲ್ಲಿ ಸಾಲಾಗಿ ಕಟ್ಟಿದ್ದ ಸೀಸದ ಗುಂಡುಗಳನ್ನು ಕಂಡಾಗಲಾದರೂ ನನಗೆ ಹೊಳೆಯಬೇಕಿತ್ತು, ಇಷ್ಟು ಗುಂಡು ಇರುವ ಬಲೆಯನ್ನು ಯಾರೂ ಬಿಸಾಡುವುದಿಲ್ಲ ಎಂದು. ಹೊಳೆಯಲಿಲ್ಲ. ಮೂರು ತುಂಡು ಮಾಡಿ ಮೀನಿನ ಬೆನ್ನಿಗೆ ಅಂಟಿಸಿದೆವು. ಹುಡುಗಿ ಆ ದಿನ ಏನನ್ನೂ ಮುಟ್ಟದೆ ನಿಂತು ನೋಡಿದಳು.

ಮರುವಾರ ಅವಳು ಬರಲಿಲ್ಲ. ಅವಳ ತರಗತಿಯ ಟೀಚರು ವರಾಂಡದಲ್ಲಿ ಸಿಕ್ಕಿ ಹೇಳಿದರು: "ಅಜ್ಜನ ಬೀಸುಬಲೆಯನ್ನು ಕತ್ತರಿಸಿ ಹಾಕಿದ್ದಾಳಂತೆ ಮಾರಾಯ್ರೆ. ತಾನೇ ಕತ್ತರಿಸಿದ್ದು ಅಂತ ಒಪ್ಪಿಕೊಂಡಳಂತೆ. ಮನೆಯಲ್ಲಿ ಸಮಾ ಬೈಗುಳ. ಇನ್ನು ಕ್ರಾಫ್ಟ್ ಬೇಡ, ಕತ್ತರಿ ಮುಟ್ಟಬಾರದು ಅಂದಿದ್ದಾರೆ."

ನಾನು "ಹೌದಾ?" ಎಂದೆ. ಅಷ್ಟೇ ಅಂದದ್ದು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಕತ್ತರಿಸಿದ್ದು ನಾನು ಎಂದು ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದರೆ ಆ ಕೋಣೆ ಹೋಗುತ್ತದೆ, ಶನಿವಾರ ಹೋಗುತ್ತದೆ ಎಂಬ ಹೆದರಿಕೆ ನಾಲಿಗೆಯನ್ನು ಹಿಡಿದಿಟ್ಟಿತು. ಇನ್ನೊಂದು ವಾರ ಕಳೆಯಲಿ, ತಣ್ಣಗಾದೀತು ಎಂದುಕೊಂಡೆ. ಇನ್ನೊಂದು ವಾರವೂ ಕಳೆಯಿತು. ಅವಳು ಕೂರುವ ಜಾಗದಲ್ಲಿ ಬೇರೆ ಯಾರೋ ಚೀಲ ಇಟ್ಟಿದ್ದರು.

ಮೂರನೆಯ ಶನಿವಾರ ಮೀನಿನ ಬೆನ್ನಿನಿಂದ ಬಲೆಯ ತುಂಡುಗಳನ್ನು ಬಿಡಿಸಿ, ಅಂಟನ್ನು ಉಗುರಿನಲ್ಲಿ ಕೆರೆದು ತೆಗೆದು, ಕೇಳಿಕೊಂಡು ಅವಳ ಮನೆಗೆ ಹೋದೆ. ಅಜ್ಜ ಚಾವಡಿಯಲ್ಲಿ ಕಾಲು ಚಾಚಿ ಕೂತು ಬೇರೆ ಯಾರದೋ ಬಲೆಯ ತೂತು ಮುಚ್ಚುತ್ತಿದ್ದರು. ಹುಡುಗಿ ಬಾಗಿಲ ಹಿಂದೆ ನಿಂತಳು. ನಾನು ಚಪ್ಪಲಿ ಬಿಟ್ಟವಳು ಕೂರಲೂ ಇಲ್ಲ. "ನಿಮ್ಮ ಬಲೆಯನ್ನು ಕತ್ತರಿಸಿದ್ದು ನಾನು. ಮಗು ಅಲ್ಲ" ಎಂದು ತುಳುವಿನಲ್ಲಿ ಹೇಳಿದೆ.

ಅವರು ಮೊಮ್ಮಗಳನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಬೈದರು. ತುಳುವಿನಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಖಾರ ಅರ್ಧ ಹೋಗುತ್ತದೆ. "ಟೀಚರಲ್ವಾ ನೀವು, ಕೇಳ್ಲಿಕ್ಕೆ ಬಾಯಿ ಇಲ್ವಾ? ಹರಿಯದ ಬಲೆ ಯಾವ ಮನೆಯಲ್ಲಿ ಉಂಟು? ಬಲೆ ಅಂದ್ರೆ ಹರಿಯುವುದೇ, ಹೆಣೆಯುವುದೇ. ನಿಮ್ಮ ಕಾರ್ಕಳದಲ್ಲಿ ಅಂಗಿ ಹರಿದವನನ್ನು ನೋಡಿದ್ರೆ ಅವನನ್ನೂ ಕತ್ತರಿಸ್ತೀರಾ?"

ಮಲ್ಪೆಯಿಂದ ಹೊಸ ಬಲೆ ತಂದುಕೊಡುತ್ತೇನೆ ಎಂದೆ. ಅದಕ್ಕೆ ಅವರಿಗೆ ಸಿಟ್ಟಿನ ನಡುವೆಯೂ ನಗು ಬಂತು. ಬೀಸುಬಲೆಯನ್ನು ಬೀಸುವವನ ಎತ್ತರಕ್ಕೆ, ತೋಳಿಗೆ ಸರಿಯಾಗಿ ಹೆಣೆಯುವುದಂತೆ. ಅದನ್ನು ಅವರು ಹಿಂದೆ ಒಂದಿಡೀ ಮಳೆಗಾಲ ಕೂತು ಹೆಣೆದಿದ್ದರು. ಪ್ರತಿ ವರ್ಷ ಮಳೆಗೆ ಬೋಟುಗಳು ದಡದಲ್ಲಿರುವ ತಿಂಗಳುಗಳಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಬೀಸಿ, ಮನೆಯ ಊಟದ ಪದಾರ್ಥಕ್ಕೆ ಬೇಕಾದ ಮೀನನ್ನು ಅದರಲ್ಲೇ ಹಿಡಿಯುತ್ತಿದ್ದರು. ಮೂರು ವಾರದಿಂದ ಆ ಮನೆಯಲ್ಲಿ ಮೀನಿಲ್ಲದ ಸಾರು ಮಾತ್ರ ಆಗುತ್ತಿತ್ತು. ಮೊಮ್ಮಗಳು ಅದನ್ನು ಶಾಲೆಗೆ ಹೊತ್ತದ್ದು ಯಾಕೆ ಎಂದು ಅಜ್ಜ ಕೇಳಿದಾಗ ಅವಳೇ ಹೇಳಿದಳು. ಹರಿದದ್ದನ್ನು ಉಪಯೋಗಕ್ಕೆ ಬರುವ ಹಾಗೆ ಮಾಡುವಾ ಎಂದು ಟೀಚರು ಹೇಳಿದ್ದಾರೆ, ಹಾಗಾದರೆ ಅಜ್ಜನ ಬಲೆಯ ತೂತು ಮುಚ್ಚಿ ಕೊಡುತ್ತಾರೆ ಎಂದು ಅವಳು ನಂಬಿದ್ದಳು.

ಅಜ್ಜ ತುಂಡುಗಳನ್ನು ನೆಲದ ಮೇಲೆ ಹರಡಿ, ಬೆರಳಲ್ಲಿ ಬಲೆಯ ಕಣ್ಣುಗಳನ್ನು ಎಣಿಸಿ, "ಕೂಡಿಸ್ಲಿಕ್ಕೆ ಆಗ್ತದೆ" ಎಂದರು. ಆ ಮಾತಿಗೆ ನಾನು ಕೈ ಮುಗಿದುಬಿಟ್ಟೆ. ಅಜ್ಜಿ ಒಳಗಿನಿಂದ ಚಹಾ ತಂದರು. ಆಮೇಲೆ ಅಜ್ಜ ನೂಲು ಸುತ್ತಿದ ಬಿದಿರಿನ ಸೂಜಿಯನ್ನು ನನ್ನ ಕೈಗೆ ಕೊಟ್ಟು, ಕತ್ತರಿಸಿದವರೇ ಒಂದು ಸಾಲು ಹೆಣೆಯಲಿ ಎಂದರು. ನಾನು ಹಾಕಿದ ಗಂಟು ಒಂದೂ ನಿಲ್ಲಲಿಲ್ಲ. ಹುಡುಗಿ ಬಾಗಿಲ ಹಿಂದಿನಿಂದ ಬಂದು ನನ್ನ ಬೆರಳು ಹಿಡಿದು ನೂಲನ್ನು ಹೇಗೆ ಒಳಗೆ ತೆಗೆದುಕೊಳ್ಳಬೇಕು ಎಂದು ತೋರಿಸಿದಳು. ಚಹಾ ತಣಿಯುವವರೆಗೂ ನಾವು ಮೂವರು ಅದನ್ನೇ ಮಾಡಿದೆವು. ಹೊರಡುವಾಗ ಅಜ್ಜ, "ಶನಿವಾರ ಕಳಿಸ್ತೇನೆ. ಕತ್ತರಿ ಮಾತ್ರ ಅವಳ ಕೈಯಲ್ಲಿ ಇರ್ಲಿ, ನಿಮ್ಮ ಕೈಯಲ್ಲಿ ಬೇಡ" ಎಂದರು.

ಬಸ್ ಸ್ಟ್ಯಾಂಡಿನವರೆಗೆ ಹುಡುಗಿ ನನ್ನ ಜೊತೆ ಬಂದಳು. ಒಂದೇ ಕೊಡೆಯಲ್ಲಿ ನಡೆದೆವು. ಕೇಳಬಾರದು ಎಂದುಕೊಂಡರೂ ಕೇಳಿದೆ: "ನೀನೇ ಕತ್ತರಿಸಿದ್ದು ಅಂತ ಯಾಕೆ ಹೇಳಿದೆ ಮಗಾ?"

ಇದೂ ಕೇಳುವ ವಿಷಯವಾ ಎಂಬಂತೆ ಅವಳು ನನ್ನ ಮುಖ ನೋಡಿದಳು. "ಅಜ್ಜ ನನಗೆ ಬೈದ್ರೂ ಮನೆಯಿಂದ ಹೋಗು ಅಂತ ಹೇಳುವುದಿಲ್ಲ ಅಲ್ವಾ? ನಿಮ್ಮ ಹೆಸರು ಹೇಳಿದ್ರೆ ಶಾಲೆಗೆ ಬಂದು ಗಲಾಟೆ ಮಾಡ್ತಿದ್ರು. ಆಮೇಲೆ ನೀವು ಬರುದು ನಿಂತ್ರೆ ಎಲ್ಲರಿಗೂ ಶನಿವಾರ ಇಲ್ಲ."

ನಾನು ಬಾಯಿ ಮುಚ್ಚಿ ಉಳಿಸಿಕೊಳ್ಳಲು ನೋಡಿದ್ದು ಯಾವುದನ್ನೋ, ಅದನ್ನೇ ಈ ಮಗು ಬೈಗುಳ ತಿಂದು ಉಳಿಸಿತ್ತು, ಅದೂ ತನ್ನ ಪಾಲನ್ನು ಬಿಟ್ಟುಕೊಟ್ಟು. ಮಕ್ಕಳಿಗೆ ನಾನು ಕೊಟ್ಟದ್ದು ದೊಡ್ಡದು ಎಂದು ತಿಳಿದಿದ್ದವಳಿಗೆ ಆ ಮಳೆಯಲ್ಲಿ ಕಣ್ಣು ತುಂಬಿ ಬಂದು ಬಸ್ಸಿನ ಬೋರ್ಡೇ ಕಾಣಲಿಲ್ಲ. ಪಡುಬಿದ್ರಿಗೆ ಹೋಗುವುದು ಇದೇ ಎಂದು ಅವಳೇ ಓದಿ ಹೇಳಿ, ನನ್ನನ್ನು ಹತ್ತಿಸಿದಳು.