ರೆಫರಿಯ ಹತ್ತಿರ ಮಾಡಿದ ಚೌಕಾಸಿ

ಉರ್ವ ಮಾರುಕಟ್ಟೆಯಲ್ಲಿ ಮೀನು ಮಾರಿ ನಾನು ಕಲಿತ ದೊಡ್ಡ ಪಾಠವೆಂದರೆ, ಯಾರ ಮೊದಲ ಮಾತನ್ನೂ ಕೊನೆಯದೆಂದು ತಿಳಿಯಬಾರದು. "ಬೇಡ" ಎಂದು ಹೊರಟ ಗಿರಾಕಿಯ ಕಾಲು ನೋಡಬೇಕು. ಪಾದ ಇನ್ನೂ ಅಂಜಲ್ ಮೀನಿನ ಕಡೆಗೆ ತಿರುಗಿದ್ದರೆ ಕರೆಯಬೇಕು, ಇಲ್ಲದಿದ್ದರೆ ಬಿಡಬೇಕು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವಳು ಇಂದು ಎರಡು ಕಟ್ಟೆಗಳ ಒಡತಿಯಾಗಿರುವುದು ಈ ಕಾಲು ನೋಡುವ ವಿದ್ಯೆಯಿಂದಲೇ. ಮಗಳ ವಿಷಯದಲ್ಲಿ ಒಂದು ದಿನ ಅದನ್ನೇ ಮರೆತೆ.

ಅವಳು ಕಾಲೇಜಿನ ಜೊತೆಗೆ ಕುಲಶೇಖರದ ಒಂದು ಜಿಮ್ಮಿನಲ್ಲಿ ಬಾಕ್ಸಿಂಗ್ ಕಲಿಯುತ್ತಿದ್ದಳು. ಆ ಭಾನುವಾರದ ಪಂದ್ಯ ಗೆದ್ದರೆ ರಾಜ್ಯ ತಂಡದ ಆಯ್ಕೆಗೆ ಹೋಗಬಹುದಿತ್ತು. ಮೊದಲ ರೌಂಡು ಅವಳದೇ. ಎರಡನೆಯದರಲ್ಲಿ ಎದುರಿನ ಹುಡುಗಿಯ ಏಟು ಕಿವಿಯ ಮೇಲ್ಗಡೆ ಬಿತ್ತು. ರೆಫರಿ, ಬಿಳಿ ಅಂಗಿಯ ನರಪೇತಲ ಮನುಷ್ಯ, ಎಂಟರವರೆಗೆ ಎಣಿಸಿ ಮುಂದುವರಿಸಿದರು. ಮೂರನೆಯದರಲ್ಲಿ ಮತ್ತೊಂದು ಏಟು, ಮತ್ತೆ ಎಣಿಕೆ.

"ಸರಿ ಇದ್ದೀಯಾ?"

"ಇದ್ದೇನೆ ಸರ್."

"ಎರಡು ಹೆಜ್ಜೆ ಮುಂದೆ ಬಾ."

ಬಂದಳು. ರೆಫರಿ ಎರಡೂ ಕೈ ಬೀಸಿ ಪಂದ್ಯ ನಿಲ್ಲಿಸಿಬಿಟ್ಟರು.

ಆ ಕೈ ನನಗೆ ವ್ಯಾಪಾರದ ಮೊದಲ ರೇಟಿನಂತೆ ಕಂಡಿತು. ಎದ್ದು ಹಗ್ಗದ ಬಳಿಗೇ ಹೋದೆ.

"ಎಂತ ಸರ್ ಇದು? ಸರಿ ಇದ್ದೇನೆ ಅಂತ ಅವಳೇ ಹೇಳ್ತಾಳಲ್ಲ?"

"ಮುಗೀತಮ್ಮ, ಕೂತ್ಕೊಳ್ಳಿ."

"ಇನ್ನೂ ನಲ್ವತ್ತು ಸೆಕೆಂಡು ಉಂಟು. ಇಪ್ಪತ್ತಾದ್ರೂ ಕೊಡಿ ಮಾರಾಯ್ರೆ!"

"ಹತ್ತಕ್ಕೆ ಮುಗಿಸಿ ಅಕ್ಕ, ಮೇಲೆ ನಾಲ್ಕು ಬಂಗುಡೆ ಹಾಕಿ ಕೊಡಿ," ಎಂದು ಹಿಂದಿನ ಸಾಲಿನಿಂದ ನನ್ನ ಗಿರಾಕಿ ಯಾರೋ ಕೂಗಿದರು. ಸಭಾಂಗಣವೆಲ್ಲ ನಗು.

ರೆಫರಿ ನಗಲಿಲ್ಲ. ಹಗ್ಗದ ಮೇಲೆ ಬಾಗಿ, "ಇದು ಎಷ್ಟನೇ ರೌಂಡು ಅಂತ ಅವಳ ಹತ್ರ ಕೇಳಿ," ಎಂದರು.

ಕೇಳಿದೆ.

"ಫಸ್ಟ್ ಅಲ್ವಾ? ನೀನು ಈಗ ಬಂದದ್ದಾ ಅಮ್ಮ?"

ಬೆಳಗ್ಗೆ ಅವಳ ಕೂದಲು ಹೆಣೆದು ಕರೆದುಕೊಂಡು ಬಂದವಳೇ ನಾನು. ಅವಳ ಕಾಲಿನ ಕಡೆ ನೋಡಿದೆ. ರೆಫರಿ ಮುಂದೆ ಬಾ ಎಂದಾಗ ಬಲಗಾಲು ಬಂದಿತ್ತು. ಎಡಗಾಲು ಒಂದು ಕ್ಷಣ ತಡೆದು ಪಕ್ಕಕ್ಕೆ ಬಿದ್ದಿತ್ತು. ನಾನದನ್ನು ನೋಡಿದ್ದೆ. ಗಿರಾಕಿಯ ಕಾಲಾಗಿದ್ದರೆ ಅಷ್ಟರಲ್ಲೇ ಲೆಕ್ಕ ಹಾಕಿಬಿಡುತ್ತಿದ್ದೆ. ಆದರೆ ಮಗಳ ಬಾಯಿ ನನಗೆ ಬೇಕಾದದ್ದನ್ನೇ ಹೇಳಿತ್ತು, ನಂಬಿಬಿಟ್ಟೆ.

ಒಂದು ತಿಂಗಳು ರಿಂಗಿಗೆ ಇಳಿಯಬಾರದು ಎಂದರು ಡಾಕ್ಟರು. "ಎರಡು ಮಾಡಿ," ಎಂದೆ. ಮೇಲಕ್ಕೆ ಚೌಕಾಸಿ ಮಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಎರಡು ತಿಂಗಳು ಕಳೆದು, ಇನ್ನು ಆಡಬಹುದೆಂದು ಡಾಕ್ಟರು ಹೇಳಿದ ದಿನ, ಅಲ್ಲಿಂದಲೇ ಕೋಚನ್ನು ಕಾಣಲು ಕುಲಶೇಖರಕ್ಕೆ ಹೊರಟೆವು. ಪಂಪ್‌ವೆಲ್ ಫ್ಲೈಓವರಿನ ಕೆಳಗೆ ನನ್ನ ಸ್ಕೂಟರು ಬಸ್ಸುಗಳ ನಡುವೆ ಸಿಕ್ಕಿಬಿತ್ತು. ಹಿಂದೆ ಕುಳಿತವಳು ಶುರು ಮಾಡಿದಳು.

"ನಾನು ಬೀಳುವವರೆಗೆ ಯಾರೂ ನಿಲ್ಲಿಸ್ಬಾರ್ದು."

"ಬಿದ್ದ ಮೇಲೆ ರೆಫರಿ ಎಂತಕ್ಕೆ ಮಾರಾಯ್ತಿ? ಆಂಬುಲೆನ್ಸ್ ಸಾಕು. ಒಂದು ಸಲ ಎಣಿಸಿದ್ರೆ ಟವೆಲ್ ಹಾಕಿಸ್ತೇನೆ."

"ಒಂದಾ? ಹಾಗಾದ್ರೆ ನಾನು ಕೇರಂ ಆಡ್ತೇನೆ ಬಿಡು."

ವ್ಯಾಪಾರ ಕುದುರಿದ್ದು ಕುಲಶೇಖರ ತಲುಪುವಾಗ. ಎಣಿಕೆಯ ನಂತರ ಅವಳ ಹೆಜ್ಜೆ ಪಕ್ಕಕ್ಕೆ ಬಿದ್ದರೆ ನಾನು ಕೋಚ್ ಅವರ ಹೆಗಲು ಮುಟ್ಟುವುದು, ಅವರು ಟವೆಲ್ ಎಸೆದು ಪಂದ್ಯ ಬಿಟ್ಟುಕೊಡುವುದು. ಅವಳ ಬಾಯಿಯ ಮಾತಿಗೆ ಬೆಲೆ ಇಲ್ಲ. ಕೋಚ್ ತಲೆ ಕೆರೆದುಕೊಂಡು ಒಪ್ಪಿದರು. ಮಕ್ಕಳನ್ನು ರಿಂಗಿಗೆ ಕಳಿಸುವವರಿಗೆ ನಾನು ಹೇಳುವುದು ಇಷ್ಟೇ: ಯಾವಾಗ ನಿಲ್ಲಿಸಬೇಕೆಂಬುದನ್ನು ತಲೆ ನೆಟ್ಟಗಿರುವ ದಿನವೇ ಮಾತಾಡಿಕೊಳ್ಳಿ. ಏಟು ತಿಂದವರ ಹತ್ತಿರ ಅಭಿಪ್ರಾಯ ಕೇಳಬೇಡಿ. ಕೂಗುವವರ ಹತ್ತಿರವಂತೂ ಬೇಡವೇ ಬೇಡ, ಅವರಲ್ಲಿ ಹೆತ್ತವರೂ ಇರುತ್ತಾರೆ.

ಮರುವರ್ಷ ಮತ್ತೆ ಅದೇ ಆಯ್ಕೆಯ ಪಂದ್ಯ. ಈ ಸಲ ಅವಳೇ ಮುಂದಿದ್ದಳು. ಕೊನೆಯ ರೌಂಡಿನಲ್ಲಿ ಒಂದು ಏಟು ಬಿತ್ತು. ಎಣಿಕೆ. "ಸರಿ ಇದ್ದೇನೆ ಸರ್." ಈ ಸಲದ ರೆಫರಿ ಬೇರೆಯವರು; ಅವಳ ಕಣ್ಣು ನೋಡಿ ಮುಂದುವರಿಸಲು ಸನ್ನೆ ಮಾಡಿದರು. ಕೋಚ್ ಹಿಂದೆಯೇ ಕುಳಿತ ನಾನು ಕಾಲು ನೋಡುತ್ತಿದ್ದೆ. ಎಡಗಾಲು ಪಕ್ಕಕ್ಕೆ ಬಿತ್ತು.

ಕೋಚ್ ಅವರ ಹೆಗಲು ಮುಟ್ಟಿದೆ. ಟವೆಲ್ ಹಾರಿತು.

"ಅಯ್ಯೋ, ಗೆಲ್ತಿದ್ದಳಲ್ಲ ಅಕ್ಕ!" ಎಂದರು ಪಕ್ಕದವರು. ನಾನು ಅವರ ಕಡೆ ತಿರುಗಲಿಲ್ಲ. ಮಗಳು ಮುಖ ಊದಿಸಿಕೊಂಡು ಕೆಳಗಿಳಿದಳು.

"ಎಷ್ಟನೇ ರೌಂಡು?"

"ಮೂರು," ಎಂದಳು ಸಿಡುಕಿ. "ನೀನು ಬೇಗ ನಿಲ್ಲಿಸಿದಿ."

"ಎಷ್ಟು ಬೇಗ?"

ಸ್ವಲ್ಪ ಯೋಚಿಸಿದಳು. "ಒಂದು ಏಟು."

"ಸರಿ, ಅದಕ್ಕಿಂತ ಕಡಿಮೆಗೆ ನಾನು ಕೊಡುವುದಿಲ್ಲ," ಎಂದೆ. ನಾನು ಬಿಚ್ಚಿಕೊಡಲೆಂದು ಅವಳು ಎರಡೂ ಗ್ಲೌಸುಗಳನ್ನು ನನ್ನ ಮುಂದೆ ಚಾಚಿದಳು.